ಗೆಳೆಯನ ಎಸ್‌ಎಂಪಿಎಸ್ ಹಾಕಬೇಡಿ, ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿಡಿ

ಇವತ್ತು ರಾತ್ರಿ ಆ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ಬದಲಾಯಿಸಬೇಡಿ. ದಯವಿಟ್ಟು.

ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್, ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ಗೆಳೆಯನ ಹತ್ತಿರ ಒಂದು ಎಸ್‌ಎಂಪಿಎಸ್ ಇದೆ, ಅದನ್ನು ಹಾಕಿ ನೋಡಲಾ, ಇಲ್ಲ ಮದರ್‌ಬೋರ್ಡೇ ಬದಲಾಯಿಸಲಾ ಎಂದು ಕೇಳಿದ್ದೀರಿ. ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನೂ ಅದಕ್ಕೇ ಹಾಕಿದ್ದೇನೆ ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಆ ಕೊನೆಯ ಸಾಲು ಓದಿದ ಮೇಲೆ ನನಗೆ ಉತ್ತರ ಬರೆಯದೇ ಇರಲು ಆಗಲಿಲ್ಲ. 2020ರ ಜೂನ್‌ನಲ್ಲಿ ನಾನೂ ಹೀಗೇ ಕೂತಿದ್ದೆ. ಇದೇ ‘ನೋ ಸಿಗ್ನಲ್’, ಇದೇ ಗೆಳೆಯನ ಎಸ್‌ಎಂಪಿಎಸ್, ಇದೇ ಹಳೇ ಹಾರ್ಡ್‌ಡಿಸ್ಕ್.

ನನ್ನ ಊರು ಕುಂದಾಪುರದ ಕಡೆ. ಯಕ್ಷಗಾನದ ಹುಚ್ಚು. ಆರು ತಿರುಗಾಟ, ಅಂದರೆ ಆರು ವರ್ಷ, ನವೆಂಬರಿನಿಂದ ಮೇ ತಿಂಗಳವರೆಗೆ ಬಿಡುವಾದಾಗಲೆಲ್ಲ ಕ್ಯಾಮೆರಾ ಹಿಡಿದು ಬಯಲಾಟಕ್ಕೆ ಹೋಗುತ್ತಿದ್ದೆ. ರಂಗಸ್ಥಳದ ಎದುರು ಟ್ರೈಪಾಡ್ ಇಟ್ಟು, ಚೌಕಿ ಪೂಜೆಯಿಂದ ಬೆಳಗಿನ ಮಂಗಳದವರೆಗೆ ಪೂರ್ತಿ ರಾತ್ರಿ ರೆಕಾರ್ಡ್ ಮಾಡುತ್ತಿದ್ದೆ. ಒಂದು ರಾತ್ರಿಯ ಆಟಕ್ಕೆ ಸುಮಾರು 20 ಜಿಬಿ. ಹೀಗೆ 140 ರಾತ್ರಿ. ಎಲ್ಲವೂ ಒಂದೇ 4 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿತ್ತು. ಎಡಿಟ್ ಮಾಡಿ ಮುಗಿಸಿದ್ದು, ಯಾವ ರಾತ್ರಿ ಯಾವ ಪ್ರಸಂಗ, ಭಾಗವತರು ಯಾರು, ಮದ್ದಳೆ ಚೆಂಡೆಗೆ ಯಾರು ಅಂತ ಬರೆದಿಟ್ಟ ಪಟ್ಟಿ, ಇವೆಲ್ಲ 240 ಜಿಬಿಯ ಒಂದು ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆ ಇಲ್ಲದ ಡಿಸ್ಕಿನಲ್ಲಿ ಇತ್ತು.

ಆ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಕೈಯಲ್ಲಿ ಸಮಯ ಇತ್ತು. ಹಳೇ ಕಂಪ್ಯೂಟರ್‌ನಲ್ಲಿ ಒಂದು ರಾತ್ರಿಯ ವಿಡಿಯೊ ಕತ್ತರಿಸಲು ಎರಡು ದಿನ ಬೇಕಾಗುತ್ತಿತ್ತು. ಹೊಸದು ಕಟ್ಟೋಣ ಎಂದು ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತರಿಸಿದೆ. ರೈಝನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟಿನ ಎಸ್‌ಎಂಪಿಎಸ್, ಕ್ಯಾಬಿನೆಟ್. ಎಲ್ಲ ಸೇರಿ 52 ಸಾವಿರ.

ಒಂದು ಭಾನುವಾರ ಬೆಳಿಗ್ಗೆ ಚಾವಡಿಯಲ್ಲಿ ಚಾಪೆ ಹಾಸಿ ಕೂತು ಜೋಡಿಸಿದೆ. ಹಳೇ ಕಂಪ್ಯೂಟರಿನಿಂದ ಹಾರ್ಡ್‌ಡಿಸ್ಕನ್ನೂ ಎಸ್‌ಎಸ್‌ಡಿಯನ್ನೂ ತೆಗೆದು ಇದಕ್ಕೆ ಹಾಕಿದೆ. ವೈರುಗಳನ್ನೆಲ್ಲ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಟ್ಯಾಗ್ ಹಾಕಿ ಚಂದ ಮಾಡಿ ಕಟ್ಟಿದೆ. ಈ ಚಂದ ಮಾಡಿ ಕಟ್ಟಿದ್ದೇ ಆಮೇಲೆ ನನಗೆ ಮುಳುವಾಯಿತು. ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು.

ಆ ದಿನ ಸಂಜೆಯವರೆಗೆ ನಾನು ಮಾಡಿದ್ದು ನೀವು ಈಗ ಮಾಡುತ್ತಿರುವುದನ್ನೇ. ರ‍್ಯಾಮ್ ತೆಗೆದು ಹಾಕಿದೆ. ಗ್ರಾಫಿಕ್ಸ್ ಕಾರ್ಡ್ ತೆಗೆದು ಹಾಕಿದೆ. ಮೊಬೈಲ್‌ನಲ್ಲಿ ಹುಡುಕಿದರೆ ಅರ್ಧ ಜನ ಎಸ್‌ಎಂಪಿಎಸ್ ಅಂತಾರೆ, ಅರ್ಧ ಜನ ಬೋರ್ಡ್ ಅಂತಾರೆ. ಬೈಂದೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನ ಹತ್ತಿರ 650 ವ್ಯಾಟಿನದು ಒಂದು ಇತ್ತು. ಮಾರನೇ ದಿನ ಮಳೆಯಲ್ಲೇ ಬೈಕಿನಲ್ಲಿ ತಂದುಕೊಟ್ಟ. “ಬಿಡಿ ಕೇಬಲ್ ತರ್ಲಿಲ್ಲ, ಹೇಗೂ ನಿನ್ ಹತ್ರ ಇತ್ತಲ್ಲ ಮಾರಾಯ” ಅಂದ. ನಾನೂ ಹೌದಲ್ಲ ಅಂದುಕೊಂಡೆ.

ನನ್ನ ತಪ್ಪು ಇಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳು ಮಾಡ್ಯುಲರ್. ಹಳೇ ಕಾಲದವುಗಳಲ್ಲಿ ಎಲ್ಲ ವೈರುಗಳೂ ಡಬ್ಬಿಯ ಒಳಗಿನಿಂದಲೇ ಹೊರಗೆ ಬಂದಿರುತ್ತಿದ್ದವು. ಮಾಡ್ಯುಲರ್ ಆದರೆ ಕೇಬಲ್ಲಿಗೆ ಎರಡೂ ಕಡೆ ಪಿನ್ನು. ಒಂದು ತುದಿ ಹಾರ್ಡ್‌ಡಿಸ್ಕಿಗೆ, ಇನ್ನೊಂದು ತುದಿ ಎಸ್‌ಎಂಪಿಎಸ್ ಡಬ್ಬಿಗೆ. ನನ್ನದೂ ಗೆಳೆಯನದೂ ಅರ್ಧ ಮಾಡ್ಯುಲರ್. ಮದರ್‌ಬೋರ್ಡಿನ 24 ಪಿನ್ನಿನದು ಮತ್ತು ಪ್ರೊಸೆಸರಿನ 8 ಪಿನ್ನಿನದು ಡಬ್ಬಿಗೇ ಅಂಟಿಕೊಂಡಿದ್ದವು. ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರ್ ಕೇಬಲ್ ಮಾತ್ರ ಬಿಚ್ಚಿ ಹಾಕುವಂಥದ್ದು.

ಹಾರ್ಡ್‌ಡಿಸ್ಕ್ ಕಡೆಯ ತುದಿ ಎಲ್ಲ ಕಂಪನಿಯದ್ದೂ ಒಂದೇ. ಅಲ್ಲಿ 15 ಪಿನ್ನು. ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5, ಯಾವುದರಲ್ಲಿ 3.3 ಎಂದು ಜಗತ್ತಿಗೆಲ್ಲ ಒಂದೇ ನಿಯಮ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಯಾವ ನಿಯಮವೂ ಇಲ್ಲ. ಪ್ರತಿ ಕಂಪನಿ ತನಗೆ ಬೇಕಾದ ಹಾಗೆ ಮಾಡುತ್ತದೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಬೇರೆ ಇರಬಹುದು. ಒಬ್ಬರು 12 ವೋಲ್ಟ್ ಕೊಡುವ ತೂತಿನಲ್ಲಿ ಇನ್ನೊಬ್ಬರು 5 ವೋಲ್ಟ್ ಕೊಡುತ್ತಾರೆ. ಆದರೆ ಪ್ಲಗ್ಗಿನ ಆಕಾರ ಮಾತ್ರ ಎಷ್ಟೋ ಸಲ ಒಂದೇ. ನನ್ನ ಆರು ಪಿನ್ನಿನ ಪ್ಲಗ್ ಗೆಳೆಯನ ಡಬ್ಬಿಯೊಳಗೆ ಸಲೀಸಾಗಿ ಹೋಯಿತು. ಲಾಕ್ ಕೂಡ ‘ಟಕ್’ ಎಂದು ಬಿತ್ತು. ಕೂತಿತು ಅಂದರೆ ಸರಿ ಅಂತ ತಾನೇ ಯಾರಾದರೂ ಅಂದುಕೊಳ್ಳುವುದು? ಚಿಕ್ಕಂದಿನಿಂದ ಮನೆಯಲ್ಲಿ ನೋಡಿದ ಎಲ್ಲ ಪ್ಲಗ್ಗುಗಳೂ ನಮಗೆ ಅದನ್ನೇ ಕಲಿಸಿವೆ. ಇಲ್ಲಿ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಕೇಬಲ್ ಬಿಚ್ಚದೇ ಇರಲು ಇನ್ನೊಂದು ಕಾರಣ ಇತ್ತು. ಹಿಂಬದಿಯಲ್ಲಿ ಅಷ್ಟು ಚಂದ ಮಾಡಿ ಕಟ್ಟಿದ್ದೆನಲ್ಲ, ಅದನ್ನೆಲ್ಲ ಕತ್ತರಿಸಬೇಕಿತ್ತು. ಇಪ್ಪತ್ತು ನಿಮಿಷದ ಕೆಲಸ. ಬೇಡ, ಈ ತುದಿಯನ್ನಷ್ಟೇ ಬದಲಾಯಿಸಿದರೆ ಆಯ್ತು ಅಂದುಕೊಂಡೆ.

ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಒಂದೆರಡು ಸೆಕೆಂಡಿನಲ್ಲಿ ಸಣ್ಣಗೆ ‘ಚಟ್’ ಅಂತ ಸದ್ದಾಗಿ ಎಲ್ಲ ನಿಂತಿತು. ಪ್ಲಾಸ್ಟಿಕ್ ಕರಟಿದ ವಾಸನೆ. ಒಳಗಿದ್ದ ಅಮ್ಮ “ಎಂತ ಸುಟ್ಟ ವಾಸ್ನೆ?” ಎಂದು ಕೇಳಿದ್ದು ಈಗಲೂ ಕಿವಿಯಲ್ಲಿದೆ.

12 ವೋಲ್ಟ್ ಹೋಗಿ 5 ವೋಲ್ಟಿನ ದಾರಿಗೆ ಬಿದ್ದಿತ್ತು. ದೊಡ್ಡ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗಿಸುವ ಮೋಟರಿಗೆ 12 ವೋಲ್ಟ್, ಉಳಿದ ಎಲೆಕ್ಟ್ರಾನಿಕ್ಸಿಗೆ 5 ವೋಲ್ಟ್. ಸಾಟಾ ಎಸ್‌ಎಸ್‌ಡಿ ಪೂರ್ತಿ 5 ವೋಲ್ಟಿನಲ್ಲೇ ನಡೆಯುತ್ತದೆ. ಎರಡಕ್ಕೂ ತಡೆಯಲಾಗದಷ್ಟು ಹೋಯಿತು.

ಹೆದರಿ ಗೆಳೆಯನದನ್ನು ಬಿಚ್ಚಿ ನನ್ನದನ್ನೇ ಮತ್ತೆ ಹಾಕಿದೆ. ಈಗ ಫ್ಯಾನ್ ಕೂಡ ತಿರುಗಲಿಲ್ಲ. ಕಂಪ್ಯೂಟರ್ ನಿಜವಾಗಿ ಏಳದೇ ಹೋದದ್ದು ಆವಾಗ, ಮೊದಲ ಸಲ.

ನಮ್ಮೂರಲ್ಲಿ ಆಟಕ್ಕೆ, ಮದುವೆಗೆ ಮೈಕ್ ಸೆಟ್ ಹಾಕುವ ಅಣ್ಣ ಒಬ್ಬರಿದ್ದಾರೆ. ಆಂಪ್ಲಿಫೈಯರ್, ಮಿಕ್ಸರ್ ಎಲ್ಲ ಅವರೇ ರಿಪೇರಿ ಮಾಡುತ್ತಾರೆ. ಕಂಪ್ಯೂಟರ್ ಅವರ ಕಸುಬಲ್ಲ. ಬೇರೆ ಯಾರೂ ಸಿಗದೆ ಅವರನ್ನೇ ಕರೆದೆ. ಬಂದವರು ಯಾವ ಭಾಗವನ್ನೂ ಬದಲಾಯಿಸಲಿಲ್ಲ. ಮೊದಲು ಮೂಸಿ ನೋಡಿದರು. ವಾಸನೆ ಬರುತ್ತಿದ್ದದ್ದು ಹಾರ್ಡ್‌ಡಿಸ್ಕಿನಿಂದ. ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ ಎರಡರ ಕೇಬಲ್ಲನ್ನೂ ಎಳೆದು ಬದಿಗಿಟ್ಟು ಬಟನ್ ಒತ್ತಿದರು. ಫ್ಯಾನ್ ತಿರುಗಿತು. ಸುಟ್ಟ ಡಿಸ್ಕ್ ಒಳಗೇ ಶಾರ್ಟ್ ಆಗಿತ್ತು, ಅದಕ್ಕೇ ಎಸ್‌ಎಂಪಿಎಸ್ ತನ್ನನ್ನು ತಾನು ಕಾಯ್ದುಕೊಳ್ಳಲು ಏಳುತ್ತಿರಲಿಲ್ಲ.

ಆಮೇಲೆ ಅವರು ಕೀಬೋರ್ಡಿನಲ್ಲಿ ನಮ್ ಲಾಕ್ ಒತ್ತಿದರು. ಲೈಟು ಆರಿತು. ಮತ್ತೆ ಒತ್ತಿದರು. ಹೊತ್ತಿತು.

“ಇದು ಎದ್ದಿತ್ತ್ ಮಾರಾಯ. ಮೋರೆ ಕಾಂತಿಲ್ಲ ಅಷ್ಟೆ” ಅಂದರು.

ಮಾನಿಟರಿನ ಎಚ್‌ಡಿಎಂಐ ಕೇಬಲ್ ಹಿಡಿದು ಕ್ಯಾಬಿನೆಟ್ಟಿನ ಹಿಂದೆ ಹೋದರು. ಅದು ಮದರ್‌ಬೋರ್ಡಿನ ಪೋರ್ಟಿನಲ್ಲಿತ್ತು. ಹತ್ತು ಬೆರಳು ಕೆಳಗೆ ಗ್ರಾಫಿಕ್ಸ್ ಕಾರ್ಡಿನ ಪೋರ್ಟ್ ಖಾಲಿ ಇತ್ತು. ಅಲ್ಲಿಗೆ ಬದಲಾಯಿಸಿದರು. ಪರದೆಯಲ್ಲಿ ಬಯಾಸ್, ಅಂದರೆ ಎಲ್ಲಕ್ಕಿಂತ ಮೊದಲು ಏಳುವ ಬೋರ್ಡಿನದ್ದೇ ಸಾಫ್ಟ್‌ವೇರ್, ಬಂತು.

ರೈಝನ್ 5 3600ರ ಒಳಗೆ ಗ್ರಾಫಿಕ್ಸ್ ಇಲ್ಲ. ಅಂಥ ಪ್ರೊಸೆಸರ್ ಹಾಕಿದಾಗ ಮದರ್‌ಬೋರ್ಡಿನ ಎಚ್‌ಡಿಎಂಐನಿಂದ ಏನೂ ಬರುವುದಿಲ್ಲ. ನನ್ನ ಹಳೇ ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ವರ್ಷಗಟ್ಟಲೆ ಬೋರ್ಡಿಗೇ ಚುಚ್ಚಿ ಅಭ್ಯಾಸ. ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ಅಂದರೆ ಭಾನುವಾರ ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದಾಗಲೇ ಕಂಪ್ಯೂಟರ್ ಎದ್ದಿತ್ತು. ಯಾವ ಭಾಗವೂ ಕೆಟ್ಟಿರಲಿಲ್ಲ. ನಮ್ ಲಾಕ್ ಲೈಟು ಆಗಲೂ ಉರಿಯುತ್ತಿತ್ತು. ಎರಡು ದಿನ ಅದು ನನ್ನ ಕಣ್ಣೆದುರೇ ಇತ್ತು.

ಬಯಾಸಿನ ಸಾಟಾ ಪಟ್ಟಿಯಲ್ಲಿ ಮಾತ್ರ ಯಾವ ಡಿಸ್ಕಿನ ಹೆಸರೂ ಇರಲಿಲ್ಲ.

ಹಾರ್ಡ್‌ಡಿಸ್ಕನ್ನು ಬೆಂಗಳೂರಿನ ಒಂದು ಡೇಟಾ ರಿಕವರಿಯವರಿಗೆ ಕಳಿಸಿದೆ. ಡಿಸ್ಕಿನ ಕೆಳಗಿನ ಹಸಿರು ಬೋರ್ಡಿನಲ್ಲಿ ಕರೆಂಟಿನ ದಾರಿಗೆ ಒಂದು ರಕ್ಷಣೆಯ ಡಯೋಡ್ ಇರುತ್ತದೆ. ವೋಲ್ಟೇಜ್ ಜಾಸ್ತಿಯಾದರೆ ಅದು ತಾನು ಸತ್ತು ಉಳಿದದ್ದನ್ನು ಉಳಿಸುತ್ತದೆ. ಅದೃಷ್ಟ ಇದ್ದರೆ ಆ ಡಯೋಡ್ ಒಂದನ್ನು ತೆಗೆದರೆ ಡಿಸ್ಕ್ ಏಳುತ್ತದಂತೆ. ನನ್ನದರಲ್ಲಿ ಅದನ್ನೂ ದಾಟಿ ಒಳಗೆ ಹೋಗಿತ್ತು. ಅದೇ ಮಾಡೆಲ್ಲಿನ ಬೇರೆ ಡಿಸ್ಕಿನ ಬೋರ್ಡ್ ತಂದು ಹಾಕಿದರೆ ಆಗುವುದಿಲ್ಲವಾ ಎಂದು ಕೇಳಿದೆ. ಆಗುವುದಿಲ್ಲ. ಪ್ರತಿ ಡಿಸ್ಕಿಗೂ ಅದರದ್ದೇ ಹೊಂದಾಣಿಕೆಯ ಲೆಕ್ಕ ಇರುತ್ತದೆ, ಅದು ಆ ಬೋರ್ಡಿನ ಒಂದು ಸಣ್ಣ ಚಿಪ್‌ನಲ್ಲಿ ಬರೆದಿರುತ್ತದೆ. ಆ ಚಿಪ್ಪನ್ನು ಬಿಡಿಸಿ ಹೊಸ ಬೋರ್ಡಿಗೆ ಬೆಸೆದರು. ಆಮೇಲೆ ನೋಡಿದರೆ ಒಳಗೆ ಓದುವ ಹೆಡ್ಡಿನ ಹತ್ತಿರದ ಚಿಪ್ಪೂ ಸುಟ್ಟಿತ್ತು. ಇನ್ನೊಂದು ಡಿಸ್ಕಿನ ಹೆಡ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿದರು. 42 ಸಾವಿರ ಆಯಿತು. 140 ರಾತ್ರಿಯಲ್ಲಿ 31 ರಾತ್ರಿ ಸಿಕ್ಕಿತು. ಎಸ್‌ಎಸ್‌ಡಿಯಿಂದ ಏನೂ ಸಿಗಲಿಲ್ಲ.

ಮರುವರ್ಷ ಒಬ್ಬ ಹಿರಿಯ ವೇಷಧಾರಿ ತೀರಿಕೊಂಡರು. ಅವರ ಮಗ ಫೋನ್ ಮಾಡಿ, ಅಪ್ಪಯ್ಯನ ಆಟ ನೀವು ರೆಕಾರ್ಡ್ ಮಾಡಿದ್ದೀರಂತಲ್ಲ, ಒಂದು ಪ್ರತಿ ಸಿಗಬಹುದಾ ಎಂದು ಕೇಳಿದರು. ಅವರ ಮೂರು ರಾತ್ರಿ ನನ್ನ ಹತ್ತಿರ ಇದ್ದವು. ಆ 31ರಲ್ಲಿ ಅವು ಒಂದೂ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎಸ್‌ಎಂಪಿಎಸ್ ಕೂಡ ಬೇಡ, ಮದರ್‌ಬೋರ್ಡ್ ಕೂಡ ಬೇಡ. ‘ಏಳುವುದಿಲ್ಲ’ ಎಂದು ನೀವು ಬರೆದದ್ದನ್ನೇ ನಾನು ಒಪ್ಪುವುದಿಲ್ಲ. ಮೋರೆ ಕಾಣುತ್ತಿಲ್ಲ, ಅಷ್ಟು ಮಾತ್ರ ನಮಗೆ ಗೊತ್ತು. ಎದ್ದಿದೆಯೋ ಇಲ್ಲವೋ ಎಂದು ನೀವಿನ್ನೂ ನೋಡಿಯೇ ಇಲ್ಲ.

ಮೊದಲು ಗೋಡೆಯ ಸ್ವಿಚ್ ಆರಿಸಿ ಹಾರ್ಡ್‌ಡಿಸ್ಕ್ ಬಿಚ್ಚಿ. ಪವರ್ ಕೇಬಲ್, ಡೇಟಾ ಕೇಬಲ್ ಎರಡೂ. ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಕಂಪ್ಯೂಟರ್ ಎದ್ದು ಬಯಾಸ್ ತೋರಿಸಲು ಡಿಸ್ಕ್ ಬೇಕಾಗಿಯೇ ಇಲ್ಲ. ಪ್ರೊಸೆಸರ್, ಒಂದು ರ‍್ಯಾಮ್, ಗ್ರಾಫಿಕ್ಸ್, ಇಷ್ಟಿದ್ದರೆ ಸಾಕು. ನನಗೆ ಇದೊಂದು ಗೊತ್ತಿದ್ದಿದ್ದರೆ ಕೇಬಲ್ ತಪ್ಪು ಹಾಕಿದರೂ ಏನೂ ಸುಡುತ್ತಿರಲಿಲ್ಲ. ತುದಿಯಲ್ಲಿ ಡಿಸ್ಕೇ ಇರುತ್ತಿರಲಿಲ್ಲವಲ್ಲ.

ಆಮೇಲೆ ನಮ್ ಲಾಕ್. ಬಟನ್ ಒತ್ತಿ ಒಂದು ನಿಮಿಷ ಬಿಟ್ಟು ನೋಡಿ. ಲೈಟು ಆರಿ ಹೊತ್ತಿದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಎಲ್ಲ ಬದುಕಿವೆ ಎಂದು ಹೆಚ್ಚುಕಡಿಮೆ ನಂಬಬಹುದು. ಆಗ ನೋಡಬೇಕಾದದ್ದು ಚಿತ್ರದ ದಾರಿ ಒಂದನ್ನೇ. ನಿಮ್ಮದು ರೈಝನ್ 5 5600 ಎಂದು ಬರೆದಿದ್ದೀರಿ. ಅದರಲ್ಲೂ ಗ್ರಾಫಿಕ್ಸ್ ಇಲ್ಲ. 5600ಜಿ ಆದರೆ ಇದೆ, ಡಬ್ಬಿಯ ಮೇಲೆ ಆ ‘ಜಿ’ ಇದೆಯಾ ನೋಡಿ. ಇಲ್ಲದಿದ್ದರೆ ಕೇಬಲ್ ಕಾರ್ಡಿನ ಪೋರ್ಟಿಗೇ ಹೋಗಬೇಕು. ಮಾನಿಟರಿನ ಮೆನುವಿನಲ್ಲಿ ಸರಿಯಾದ ಎಚ್‌ಡಿಎಂಐ ಆರಿಸಿದೆಯಾ ಎಂದೂ ನೋಡಿ.

ಲೈಟು ಬದಲಾಗದಿದ್ದರೆ ನನಗೆ ಅನುಮಾನ ಬೇರೆ ಕಡೆ. ನಿಮ್ಮ ಬಿ450 ಬೋರ್ಡ್ ಸೆಕೆಂಡ್ ಹ್ಯಾಂಡ್ ಅಂದಿದ್ದೀರಲ್ಲ. ಆ ಬೋರ್ಡುಗಳು ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ನಾಲ್ಕು ವರ್ಷ ಆಮೇಲೆ ಬಂದ ಪ್ರೊಸೆಸರನ್ನು ಹಳೇ ಬಯಾಸ್ ಗುರುತಿಸುವುದಿಲ್ಲ. ಫ್ಯಾನ್ ತಿರುಗುತ್ತದೆ, ಮುಂದೆ ಏನೂ ಆಗುವುದಿಲ್ಲ. ಇದು ಬೋರ್ಡ್ ಕೆಟ್ಟಿದ್ದಲ್ಲ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಪ್ರೊಸೆಸರಿಗೆ ಯಾವ ಬಯಾಸ್ ಬೇಕು ಎಂಬ ಪಟ್ಟಿ ಇರುತ್ತದೆ. ಕೆಲವು ಬೋರ್ಡುಗಳ ಹಿಂಬದಿಯಲ್ಲಿ ಪೆನ್‌ಡ್ರೈವ್‌ನಿಂದಲೇ ಬಯಾಸ್ ಹಾಕುವ ಬಟನ್ ಇರುತ್ತದೆ, ಅದಕ್ಕೆ ಪ್ರೊಸೆಸರ್ ಕೆಲಸ ಮಾಡಬೇಕಾಗಿಲ್ಲ. ಆ ಬಟನ್ ಇಲ್ಲದಿದ್ದರೆ ಹಳೇ ರೈಝನ್ ಇರುವ ಅಂಗಡಿಗೆ ಬೋರ್ಡ್ ಒಯ್ಯಿರಿ.

ಬಯಾಸ್ ಸರಿ ಇದ್ದೂ ಏಳದಿದ್ದರೆ ಪ್ರೊಸೆಸರಿನ ಹತ್ತಿರ ಮೇಲಿನ ಮೂಲೆಯಲ್ಲಿರುವ 8 ಪಿನ್ನಿನ ಪ್ಲಗ್ ನೋಡಿ. ಅದನ್ನು ಮರೆಯುವವರು ತುಂಬ ಜನ. ರ‍್ಯಾಮ್ ಒಂದೇ ಇಟ್ಟು, ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಹಾಕಿ. ಎರಡೂ ತುದಿ ಒತ್ತಿ, ಪೂರ್ತಿ ಕೂರಬೇಕು. ನಮ್ಮ ಕರಾವಳಿಯ ಹವೆಗೆ ರ‍್ಯಾಮಿನ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಬೇಗ ಮಂಕಾಗುತ್ತವೆ, ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಷ್ಟಾದ ಮೇಲೂ ಆಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಹಚ್ಚಿ ನೋಡಿ. ಅಲ್ಲಿ ಎದ್ದರೆ ಕ್ಯಾಬಿನೆಟ್ಟಿನ ಒಳಗೆ ಎಲ್ಲೋ ಶಾರ್ಟ್ ಆಗುತ್ತಿದೆ. ಬೋರ್ಡಿನಲ್ಲಿ ತೂತಿಲ್ಲದ ಕಡೆ, ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಪೇಸರ್ ಒಂದು ಕೆಳಗಿನಿಂದ ತಾಗುತ್ತಿರಬಹುದು.

24 ಪಿನ್ನಿನ ಪ್ಲಗ್ಗಿನ ಹಸಿರು ವೈರಿಗೂ ಕಪ್ಪು ವೈರಿಗೂ ಕ್ಲಿಪ್ ಹಾಕಿ ಎಸ್‌ಎಂಪಿಎಸ್ ಪರೀಕ್ಷೆ ಮಾಡಲಾ ಎಂದೂ ಕೇಳಿದ್ದೀರಿ. ಬೇಡ. ಫ್ಯಾನ್ ತಿರುಗುತ್ತಿದೆ ಅಂದರೆ ಎಸ್‌ಎಂಪಿಎಸ್ ಹೊತ್ತಿಕೊಳ್ಳುತ್ತಿದೆ ಎಂದು ಗೊತ್ತೇ ಆಯಿತು. ಕ್ಲಿಪ್ ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಪ್ರೊಸೆಸರ್ ಕಿತ್ತು ನೋಡುವುದನ್ನೂ ಕೊನೆಗೆ ಇಟ್ಟುಕೊಳ್ಳಿ. ನಿಮ್ಮದರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನು ಇವೆ. ಅದರ ಮೇಲಿನ ಕೂಲರನ್ನು ನೇರ ಎಳೆದರೆ ನಡುವಿನ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಗ್ಗುತ್ತದೆ. ತೆಗೆಯಲೇಬೇಕಾದರೆ ಆ ಕಡೆ ಈ ಕಡೆ ಮೆಲ್ಲ ತಿರುಗಿಸಿ ಸಡಿಲ ಮಾಡಿ ತೆಗೆಯಿರಿ.

ಇಷ್ಟೆಲ್ಲ ಮಾಡಿಯೂ ಎಸ್‌ಎಂಪಿಎಸ್ ಬದಲಾಯಿಸಲೇಬೇಕು ಅನ್ನಿಸಿದರೆ, ಗೆಳೆಯನ ಡಬ್ಬಿಯ ಜೊತೆ ಬಂದ ಕೇಬಲ್‌ಗಳನ್ನೇ ತರಿಸಿಕೊಳ್ಳಿ. ನಿಮ್ಮ ಹಳೇ ಕೇಬಲ್ ಒಂದೂ ಒಳಗೆ ಉಳಿಯಬಾರದು. ಕಟ್ಟಿದ ಟ್ಯಾಗ್ ಎಲ್ಲ ಕತ್ತರಿಸಿ ಹಾಕಿ, ಇಪ್ಪತ್ತು ನಿಮಿಷ ಹೋದರೆ ಹೋಗಲಿ.

ಅಂದ ಹಾಗೆ ಆ ಹಾರ್ಡ್‌ಡಿಸ್ಕಿನಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲದಿದ್ದರೆ ಮೊದಲು ಹಳೇ ಕಂಪ್ಯೂಟರಿಗೇ ವಾಪಸ್ ಹಾಕಿ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಿ. ಹೊಸದನ್ನು ಆಮೇಲೆ ನೋಡಿಕೊಂಡರಾಯಿತು. ನನ್ನ ಆ 31 ರಾತ್ರಿಗಳು ಈಗ ಮೂರು ಕಡೆ ಇವೆ. ಒಂದು ಮನೆಯಲ್ಲಿ, ಒಂದು ಬೈಂದೂರಿನ ಅದೇ ಗೆಳೆಯನ ಹತ್ತಿರ, ಒಂದು ಮೈಕ್ ಸೆಟ್ಟಿನ ಅಣ್ಣನ ಮನೆಯ ಕಬ್ಬಿಣದ ಕಪಾಟಿನಲ್ಲಿ.

ಡಿಸ್ಕ್ ಬಿಚ್ಚಿಟ್ಟ ಮೇಲೆ ನಮ್ ಲಾಕ್ ಲೈಟು ಆರಿ ಹೊತ್ತಿತಾ, ಮಾನಿಟರಿನ ಕೇಬಲ್ ಯಾವ ಪೋರ್ಟಿನಲ್ಲಿದೆ, ಈ ಎರಡನ್ನು ನೋಡಿ ಇಲ್ಲೇ ಬರೆಯಿರಿ. ಮುಂದಿನದನ್ನು ಅಲ್ಲಿಂದ ನೋಡೋಣ.